ಪೆಲೆಟ್ ಇಲ್ಲದ ಪ್ರಾಕ್ಟೀಸು: ಮಗಳಿಗೊಂದು ಪತ್ರ

ಮಂಡ್ಯ

ಪ್ರೀತಿಯ ಪುಟ್ಟಿ,

ದಿನಾ ಮನೆಯಲ್ಲೇ ಏರ್ ಪಿಸ್ತೂಲಿಗೆ ಪೆಲೆಟ್, ಅಂದರೆ ಅದರ ಪುಟ್ಟ ಗುಂಡು, ಹಾಕದೆ ಪ್ರಾಕ್ಟೀಸ್ ಮಾಡು ಅಂತ ನಿನ್ನ ಕೋಚ್ ಹೇಳಿದ್ದು ಕೇಳಿ ಖುಷಿಯಾಯಿತು. ಕಾಲೇಜು ಮುಗಿಸಿ ಮೈಸೂರಿನ ಟ್ರಾಫಿಕ್ ದಾಟಿ ದಿನಾ ಶೂಟಿಂಗ್ ರೇಂಜಿಗೆ ಹೋಗುವುದು ಆಗದ ಮಾತು. ಮಿಲಿಟರಿಯಲ್ಲಿ ನಾವೂ ಗುಂಡು ಹಾರಿಸಿದ್ದಕ್ಕಿಂತ ಖಾಲಿ ರೈಫಲ್ ಹಿಡಿದು ನೆಲದ ಮೇಲೆ ಮಲಗಿದ್ದೇ ಜಾಸ್ತಿ. ಬ್ಯಾರಲ್ ತುದಿಯ ಮೇಲೆ ಒಂದು ನಾಣ್ಯ ಇಡುತ್ತಿದ್ದರು. ಟ್ರಿಗರ್ ಒತ್ತಿದ ಮೇಲೂ ಅದು ಅಲ್ಲೇ ಕೂತಿರಬೇಕು. ಬೆರಳು ಚೂರು ಎಳೆದಾಡಿದರೂ ಟಣ್ ಅಂತ ಬೀಳುತ್ತಿತ್ತು.

ನಿನ್ನ ಆಟಕ್ಕಂತೂ ಇದು ತುಂಬಾ ಬೇಕು. ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಉಂಗುರ ಬರೀ 11.5 ಮಿಲಿಮೀಟರ್ ಅಗಲ. ಫೋರ್‌ಸೈಟ್, ಅಂದರೆ ಗುರಿ ನೋಡಲು ಬ್ಯಾರಲ್ ತುದಿಯಲ್ಲಿರುವ ಕಡ್ಡಿ, ಒಂದು ಮಿಲಿಮೀಟರ್ ಸರಿದರೂ ಹತ್ತು ಮೀಟರ್ ಆಚೆ ಸುಮಾರು ಮೂರು ಸೆಂಟಿಮೀಟರ್ ತಪ್ಪುತ್ತದೆ. ರೇಂಜಿನಲ್ಲಿ ಹೊಡೆದ ಕೂಡಲೇ ಕಣ್ಣು ಸ್ಕೋರ್ ಹುಡುಕಿಕೊಂಡು ಓಡುತ್ತದೆ, ಅಲ್ವಾ? ಮನೆಯಲ್ಲಿ ನೋಡೋದಕ್ಕೆ ಸ್ಕೋರೇ ಇಲ್ಲ. ಟ್ರಿಗರ್ ಕಳಚುವ ಕ್ಷಣ ಫೋರ್‌ಸೈಟ್ ಯಾವ ಕಡೆ ಹಾರಿತು ಅನ್ನೋದು ಆಗ ಸರಿಯಾಗಿ ಕಾಣುತ್ತದೆ. ಐದು ಮೀಟರ್ ಜಾಗ ಇದ್ದರೆ ಟಾರ್ಗೆಟ್ ಅನ್ನು ಅರ್ಧ ಸೈಜಿಗೆ ಜೆರಾಕ್ಸ್ ಮಾಡಿಸಿ ಅಂಟಿಸು.

ಈಗ ನನಗೆ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಪಿಸ್ತೂಲು ಖಾಲಿ ಇದೆ ಅಂತ ಯಾವತ್ತೂ ನೆನಪಿನ ಮೇಲೆ ಹೇಳಬೇಡ. ಕೈಗೆ ತೆಗೆದುಕೊಂಡಾಗಲೆಲ್ಲ ತೆರೆದು, ಬೆಳಕಿಗೆ ಹಿಡಿದು, ಕಣ್ಣಾರೆ ನೋಡು. ಪ್ರಾಕ್ಟೀಸ್ ಮಧ್ಯೆ ಫೋನ್ ಬಂತು, ಅತ್ತೆ ಕಾಫಿಗೆ ಕರೆದರು ಅಂತ ಕೆಳಗಿಟ್ಟೆಯೋ, ವಾಪಸ್ ಬಂದ ಮೇಲೆ ಮತ್ತೆ ಮೊದಲಿಂದ ನೋಡು. ಪೆಲೆಟ್ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬ್ಯಾಗಿನ ಮೂಲೆಯಲ್ಲಿ, ಜೇಬಿನಲ್ಲಿ ಉಳಿದ ಒಂದೆರಡನ್ನೂ ಹುಡುಕಿ ಆಚೆ ಇಡು. ಗುರಿ ಹಿಡಿಯುವ ಗೋಡೆ ಗಟ್ಟಿ ಇಟ್ಟಿಗೆಯದೇ ಆಗಿರಲಿ. ಅದರಲ್ಲಿ ಬಾಗಿಲು, ಕಿಟಕಿ ಬೇಡ. ಗೋಡೆಯ ಆಚೆ ಮಕ್ಕಳು ಆಡುವ ಕೋಣೆಯಂತೂ ಬೇಡವೇ ಬೇಡ. ಕನ್ನಡಿಗೆ, ಟಿವಿಗೆ ಸುಮ್ನೆ ತಮಾಷೆಗೂ ಹಿಡಿಯಬೇಡ.

ಎಲ್ಲಕ್ಕಿಂತ ಅಪಾಯದ ಹೊತ್ತು ಪ್ರಾಕ್ಟೀಸ್ ಮುಗಿದ ಮೇಲಿನದು, ಮಗಳೇ. ಮನಸ್ಸಿನಲ್ಲಿ ಅದಿನ್ನೂ ಖಾಲಿ ಪಿಸ್ತೂಲೇ. ಗೋಡೆಯ ಮೇಲೆ ಟಾರ್ಗೆಟ್ ಹಾಗೇ ಇರುತ್ತದೆ, ಇನ್ನೊಂದೇ ಒಂದು ಸಲ ಅನ್ನಿಸುತ್ತದೆ. ನಿಜವಾದ ಗುಂಡಿನ ಬಂದೂಕು ಇಟ್ಟುಕೊಂಡವರು ಮತ್ತೆ ಲೋಡ್ ಮಾಡಿಟ್ಟು, ಹೀಗೇ ಇನ್ನೊಂದು ಸಲ ಅಂತ ಒತ್ತಿ ಗೋಡೆ ತೂತು ಮಾಡಿಕೊಂಡಿದ್ದಾರೆ. ಅದಕ್ಕೇ 'ಮುಗಿಯಿತು' ಅಂತ ಬಾಯಿಬಿಟ್ಟು ಹೇಳು. ಮೊದಲು ಟಾರ್ಗೆಟ್ ಕಿತ್ತುಬಿಡು. ಆಮೇಲೆ ಪಿಸ್ತೂಲು ಖಾಲಿ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್ ತೂರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ಅವತ್ತಿಗೆ ಮತ್ತೆ ತೆಗೆಯಬೇಡ.

ಇನ್ನೊಂದು ಮಾತು. ನಿನ್ನ ಮ್ಯಾಚ್ ಪಿಸ್ತೂಲಿಗೆ ಡ್ರೈ ಫೈರ್, ಅಂದರೆ ಖಾಲಿಯಾಗಿ ಟ್ರಿಗರ್ ಒತ್ತುವ ವ್ಯವಸ್ಥೆ ಇದೆ, ಅದರಲ್ಲೇ ಮಾಡು. ಸ್ಪ್ರಿಂಗಿನ ಹಳೇ ಏರ್‌ಗನ್‌ಗಳಲ್ಲಿ ಪೆಲೆಟ್ ಇಲ್ಲದೆ ಒತ್ತಿದರೆ ಪಿಸ್ಟನ್ ಜೋರಾಗಿ ಬಡಿದು ಹಾಳಾಗುತ್ತದೆ. ಮುಂದೆ ನಿಜವಾದ ಗುಂಡಿನ ಪಾಯಿಂಟ್ ಟೂ ಟೂ (.22) ಪಿಸ್ತೂಲು ಹಿಡಿದಾಗಲೂ ಕೋಚನ್ನು ಕೇಳದೆ ಖಾಲಿ ಒತ್ತಬೇಡ. ಅದರಲ್ಲಿ ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನು ಗುಂಡು ಕೂರುವ ಛೇಂಬರಿನ ಅಂಚಿಗೇ ಹೊಡೆಯಬಹುದು, ಡಮ್ಮಿ ಗುಂಡು ಹಾಕಿಕೊಳ್ಳಬೇಕು.

ಹದಿನೈದು ಇಪ್ಪತ್ತು ನಿಮಿಷ ಸಾಕು. ತೋಳು ನಡುಗಲು ಶುರುವಾದ ಮೇಲೂ ಮಾಡಿದರೆ ಕೈಗೆ ತಪ್ಪೇ ರೂಢಿಯಾಗುತ್ತದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದಾಗ ನೀನು ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆಯಲ್ಲ, ಆ ಆಸೆ ನನಗೂ ಗೊತ್ತು. ಆತುರ ಬೇಡ ಕಣಮ್ಮ.

ಅತ್ತೆಗೆ ಫೋನ್ ಮಾಡಿದ್ದೇನೆ, ಬೀರುವಿನ ಮೇಲಿನ ಅರೆ ನಿನಗೆ ಬಿಟ್ಟುಕೊಡುತ್ತಾರೆ. ಪೆಲೆಟ್ ಡಬ್ಬಿಗಳು ಮಾವನ ಟ್ರಂಕಿನಲ್ಲಿರಲಿ. ಬೀಗ ಹೊಸದು ತಗೋ, ಕೀಲಿ ಮಕ್ಕಳ ಕೈಗೆ ಸಿಗದ ಹಾಗೆ ನಿನ್ನ ಹತ್ತಿರವೇ ಇಟ್ಟುಕೋ. ಯಾವ ಗೋಡೆ ಆರಿಸಿದೆ ಅಂತ ಭಾನುವಾರ ಫೋನಿನಲ್ಲಿ ಹೇಳು.

ನಿನ್ನ
ಅಪ್ಪ