ಪುಟ್ಟಾ, ಮೊದಲು ಎರಡು ಪಟ್ಟಿ ಮಾಡು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ನಿಮ್ಮ ಮೆಡಿಕಲ್ ಕಾಲೇಜಿನ ಮೆಡಿಸಿನ್ ವಿಭಾಗದ ಮುಖ್ಯಸ್ಥ, ಅಂದರೆ ಎಚ್‌ಒಡಿ ಆದೆ ಅಂತ ನಿನ್ನಮ್ಮ ಫೋನ್ ಮಾಡಿದಾಗ ಅವಳ ದನಿ ಕೇಳಿಯೇ ನನಗೆ ಕಣ್ಣು ತುಂಬಿತು. ಮೊನ್ನೆ ನೀನೇ ಮಾತಾಡುವಾಗ ಒಂದು ಮಾತು ಹೇಳಿದೆ. "ಮೀಟಿಂಗ್ ಕರೆದರೆ ಯಾರೂ ಬಾಯಿ ಬಿಡೋದಿಲ್ಲ ದೊಡ್ಡಮ್ಮ, ಎಲ್ಲರೂ ಎಸ್ ಸರ್ ಅಂದು ಎದ್ದು ಹೋಗ್ತಾರೆ." ಅವತ್ತಿನಿಂದ ಅದು ತಲೆ ಕೊರೆಯುತ್ತಿದೆ. ಫೋನಿನಲ್ಲಿ ಹೇಳೋಣ ಅಂದರೆ ನಡುವೆ ನಿನಗೆ ವಾರ್ಡಿನಿಂದ ಕರೆ ಬರುತ್ತದೆ, ನೀನು ಓಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಬೇಜಾರು ಮಾಡಿಕೊಳ್ಳಬೇಡ.

ಮಾತಾಡಿದರೂ ಏನೂ ಬದಲಾಗುವುದಿಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತಾಗಿದೆ ಕಣೋ. ಅದಕ್ಕೇ ಸುಮ್ನಿರುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಕೂತಿದ್ದೆ.

ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ. 1987ನೇ ಇಸವಿ. ನಾನು ಒಬಿಜಿಯಲ್ಲಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಲೆಕ್ಚರರ್. ಪಾಂಡಿಚೇರಿಯ ಜಿಪ್‌ಮರ್‌ನಲ್ಲಿ ಮೆಡಿಕಲ್ ಟೀಚರ್‌ಗಳಿಗೆ ಪಾಠ ಮಾಡುವುದು ಹೇಗೆ ಅಂತ ತರಬೇತಿ ಕೊಡುತ್ತಿದ್ದರು, ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸಿ ಅಂತ ಪತ್ರ ಬಂತು. ಸೀನಿಯಾರಿಟಿ ಪ್ರಕಾರ ನನ್ನ ಹೆಸರು. ಒಂದು ದಿನ ಆಫೀಸಿನ ಗುಮಾಸ್ತರು ನನ್ನನ್ನು ಕರೆದು ಫೈಲ್ ತೋರಿಸಿದರು. ನನ್ನ ಹೆಸರಿನ ಮೇಲೆ ಹಸಿರು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಇವರಿಗೆ ಚಿಕ್ಕ ಮಗು ಇದೆ, ಬೇರೆಯವರನ್ನು ಕಳಿಸುವುದು" ಅಂತ ಬರೆದಿತ್ತು. ಮಗುವಿಗೆ ಆಗ ಒಂದೂವರೆ ವರ್ಷ. ನೋಡಿಕೊಳ್ಳಲು ಮನೆಯಲ್ಲಿ ಅತ್ತೆ ಇದ್ದರು, ಹೋಗಿ ಬಾ ಅಂತ ಅವರೇ ಹೇಳಿದ್ದರು. ನನ್ನನ್ನು ಮಾತ್ರ ಯಾರೂ ಒಂದು ಮಾತೂ ಕೇಳಿರಲಿಲ್ಲ. ಆ ಎಚ್‌ಒಡಿ ಕೆಟ್ಟ ಮನುಷ್ಯರಲ್ಲ, ನನ್ನ ಮೇಲಿನ ಕನಿಕರಕ್ಕೇ ಹಾಗೆ ಬರೆದಿದ್ದರು. ನನ್ನ ಬದಲು ಹೋದವರು ವಾಪಸ್ ಬಂದ ಮೇಲೆ ಕಾಲೇಜಿನಲ್ಲಿ ತರಬೇತಿ ಕೊಡುವವರಾದರು. ಅದರಿಂದ ಪರೀಕ್ಷಾ ಸಮಿತಿಗೆ, ಸಮಿತಿಯಿಂದ ಇನ್ನೊಂದು ಸಮಿತಿಗೆ ಅಂತ ಮೇಲೆ ಹೋದರು. ನನಗೆ ಅದೇ ಬಾಗಿಲು ತೆರೆಯಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು.

ಈಗ ನೀನು ಆ ಪೆನ್ನು ಹಿಡಿದಿದ್ದೀಯ. ನೀನೂ ಒಳ್ಳೆಯವನೇ. ಅದಕ್ಕೇ ನನಗೆ ಭಯ ಜಾಸ್ತಿ.

ಆದ್ದರಿಂದ ಮೊದಲು ಒಂದು ಕೆಲಸ ಮಾಡು. ಹಿಂದಿನ ಎರಡು ವರ್ಷದ ಆರ್ಡರ್‌ಗಳನ್ನೆಲ್ಲ ತೆಗೆಸಿ ಎರಡು ಪಟ್ಟಿ ಬರೆ. ಒಂದರಲ್ಲಿ ಹೆಸರು ತರುವ ಕೆಲಸ: ಕಾನ್ಫರೆನ್ಸಿಗೆ ಯಾರು ಹೋದರು, ಬೇರೆ ಕಾಲೇಜಿಗೆ ಎಕ್ಸಾಮಿನರ್ ಆಗಿ ಯಾರು, ಪಿಜಿ ಥೀಸಿಸ್‌ಗೆ ಗೈಡ್ ಯಾರು, ಡೀನ್ ಹತ್ತಿರ ವಿಭಾಗದ ಪರವಾಗಿ ಯಾರು ಹೋಗುತ್ತಾರೆ. ಇನ್ನೊಂದರಲ್ಲಿ ಹೆಸರು ತರದ ಕೆಲಸ: ಇನ್‌ಸ್ಪೆಕ್ಷನ್ ಫೈಲ್, ಹಾಜರಿ ಪುಸ್ತಕ, ಇಂಟರ್ನಲ್ಸ್‌ಗೆ ಕಾವಲು, ಮಂತ್ರಿ ಬಂದರೆ ಹಾರ, ದೀಪ, ಸ್ವಾಗತ ಭಾಷಣ. ಆಮೇಲೆ ಹೆಸರುಗಳನ್ನು ನೋಡು. ಎರಡನೇ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು, ಹೊಸಬರ ಹೆಸರು, ಮೆತ್ತಗೆ ಮಾತಾಡುವವರ ಹೆಸರು ಮತ್ತೆ ಮತ್ತೆ ಬರುತ್ತದೆ ಅಂತ ನನ್ನ ಅಂದಾಜು. ಇನ್‌ಸ್ಪೆಕ್ಷನ್ ಫೈಲ್ ಮಾಡುವ ಅಸಿಸ್ಟೆಂಟ್ ಪ್ರೊಫೆಸರ್ ಹುಡುಗಿಯ ಬಗ್ಗೆ "ಅವಳು ತುಂಬಾ ನೀಟಾಗಿ ಮಾಡ್ತಾಳೆ ದೊಡ್ಡಮ್ಮ" ಅಂದೆಯಲ್ಲ. ನೀಟಾಗಿ ಮಾಡುತ್ತಾಳೆ ಅಂತಲೇ ಐದು ವರ್ಷದಿಂದ ಅವಳ ತಲೆಗೇ ಕಟ್ಟಿದ್ದಾರೆ. ಅಷ್ಟು ಹೊತ್ತಿನಲ್ಲಿ ಅವಳ ಜೊತೆಯವರು ರಿಸರ್ಚ್ ಪೇಪರ್ ಬರೆದುಕೊಂಡರು. ಈ ವರ್ಷ ಆ ಫೈಲ್ ಇನ್ನೊಬ್ಬರಿಗೆ ಕೊಡು. ಮೊದಲ ಸಲ ಅಷ್ಟು ನೀಟಾಗಿ ಬರುವುದಿಲ್ಲ, ಪರವಾಗಿಲ್ಲ.

ಪೇಪರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಸಿಸ್ಟೆಂಟ್‌ನಿಂದ ಅಸೋಸಿಯೇಟ್ ಆಗಲು ನಾಲ್ಕು ವರ್ಷದ ಸರ್ವಿಸ್ ಜೊತೆಗೆ ಎರಡು ಪೇಪರ್ ಬೇಕು ಅಂತ ಮೆಡಿಕಲ್ ಕಾಲೇಜುಗಳಿಗೆ ನಿಯಮ ಮಾಡುವ ಎನ್‌ಎಂಸಿಯ 2022ರ ನಿಯಮದಲ್ಲಿ ಬಂತು. ಮೊದಲ ಮೂರು ಹೆಸರಿನೊಳಗೆ ಇರಬೇಕು, ಇಲ್ಲವೇ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಆಥರ್ ಆಗಿರಬೇಕು ಅಂತಲೂ ಇತ್ತು. ಹಾಗಿರುವಾಗ ಎಚ್‌ಒಡಿ ಅನ್ನುವ ಕಾರಣಕ್ಕೆ ನಿನ್ನ ಹೆಸರು ಎರಡನೇ ಜಾಗದಲ್ಲಿ ಕೂತರೆ ಯಾರೋ ಒಬ್ಬರು ನಾಲ್ಕನೇ ಜಾಗಕ್ಕೆ ಬಿದ್ದು ಅವರ ಪ್ರಮೋಷನ್ ನಿಂತಂತೆ. ರಾತ್ರಿ ಹನ್ನೆರಡಕ್ಕೆ ವಾರ್ಡಿನಲ್ಲಿ ಕೂತು ಡೇಟಾ ತೆಗೆದವರಿಗೆ ಮಾಡುವ ಅನ್ಯಾಯ ಅದು. ಕೆಲಸ ಮಾಡದ ಪೇಪರ್‌ನಲ್ಲಿ ನಿನ್ನ ಹೆಸರು ಬೇಡ. ಸ್ಟಡಿ ಶುರು ಮಾಡುವ ದಿನವೇ ಯಾರ ಹೆಸರು ಎಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸು. ಸೀನಿಯರ್‌ಗಳು ಮುಖ ಗಂಟು ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲಿ.

ಈಗ ಮೀಟಿಂಗ್ ವಿಷಯ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೆ ನಿನಗೆ ಹೇಳದಿದ್ದರೆ ಇನ್ಯಾರಿಗೆ ಹೇಳಲಿ.

ನಾನು ಯೂನಿಟ್ ಚೀಫ್ ಆದ ಎರಡನೇ ವರ್ಷ ಒಬ್ಬ ಬಾಣಂತಿ ತೀರಿಕೊಂಡಳು. ಇಪ್ಪತ್ತೆರಡು ವರ್ಷ, ಮೊದಲ ಹೆರಿಗೆ. ಡೆತ್ ಆಡಿಟ್‌ನಲ್ಲಿ ಕೇಸ್ ಶೀಟ್ ಬಿಚ್ಚುವ ಮೊದಲೇ ನಾನು "ಇದು ಎಂಬಾಲಿಸಮ್, ಯಾರೂ ಏನೂ ಮಾಡಲು ಆಗುತ್ತಿರಲಿಲ್ಲ" ಅಂದುಬಿಟ್ಟೆ. ಎಂಬಾಲಿಸಮ್ ಅಂದರೆ ರಕ್ತನಾಳದಲ್ಲಿ ಇದ್ದಕ್ಕಿದ್ದಂತೆ ತಡೆ ಬರುವುದು. ಯೂನಿಟ್‌ನ ಪಿಜಿ ಮಕ್ಕಳು ಕುಗ್ಗಿಹೋಗಿದ್ದರು, ಧೈರ್ಯ ಹೇಳೋಣ ಅಂತ ಹಾಗಂದೆ. ಎಲ್ಲರೂ ತಲೆಯಾಡಿಸಿದರು. ಮೀಟಿಂಗ್ ಮುಗಿದ ಮೇಲೆ ಕೈ ತೊಳೆಯುತ್ತಿದ್ದೆ, ಹಿಂದೆ ಒಬ್ಬ ಪಿಜಿ ಹುಡುಗಿ ಬಂದು ನಿಂತಳು. ಎರಡು ಕೈಯಲ್ಲಿ ಸ್ಟೆತಸ್ಕೋಪ್ ಹಿಂಡುತ್ತಿದ್ದಳು. "ಮೇಡಂ, ರಾತ್ರಿ ಎರಡಕ್ಕೇ ಪಲ್ಸ್ 130 ಇತ್ತು. ಪ್ಯಾಡ್ ಮೇಲೆ ಪ್ಯಾಡ್ ನೆನೀತಿತ್ತು. ನಾನು ಬರೆದಿದ್ದೆ, ಸರ್‌ಗೆ ಫೋನೂ ಮಾಡಿದ್ದೆ." ನಲ್ಲಿ ನಿಲ್ಲಿಸಲೂ ಮರೆತು ನಿಂತೆ. ಆಮೇಲೆ ಶೀಟ್ ತೆಗೆದು ನೋಡಿದರೆ ಅವಳ ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು, ಟೈಮ್ ಸಮೇತ. ಮುಂದಿನ ವಾರ ಅದೇ ಕೇಸನ್ನು ಮತ್ತೆ ತೆಗೆದೆವು, ನಾನು ತಪ್ಪು ಹೇಳಿದ್ದೆ ಅಂತ ಎಲ್ಲರ ಮುಂದೆ ಹೇಳಿದೆ. ರಕ್ತ ಕೈಗೆ ಸಿಗಲು ಒಂದೂವರೆ ಗಂಟೆ ಹಿಡಿದಿತ್ತು ಅನ್ನುವುದು ಆಗ ಹೊರಗೆ ಬಂತು. ಲೇಬರ್ ವಾರ್ಡಿನಲ್ಲಿ ಪಿಪಿಎಚ್, ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ, ಅಂದರೆ ಆ ಒಂದೂವರೆ ಗಂಟೆಯೇ ಜೀವ.

ಅವತ್ತಿನಿಂದ ನಮ್ಮ ಯೂನಿಟ್‌ನಲ್ಲಿ ಮೊದಲು ಪಿಜಿ ಮಾತಾಡಬೇಕು, ಆಮೇಲೆ ಸೀನಿಯರ್ ರೆಸಿಡೆಂಟ್, ಆಮೇಲೆ ಅಸಿಸ್ಟೆಂಟ್, ಚೀಫ್ ಕೊನೆಗೆ. ರಾತ್ರಿ ಡ್ಯೂಟಿಯ ಸಿಸ್ಟರ್ ಕೂಡ ಕುರ್ಚಿ ಹಾಕಿಕೊಂಡು ಮೇಜಿಗೇ ಕೂರಬೇಕು. ನೀನೂ ಹಾಗೇ ಮಾಡು. ಮೊದಲ ಒಂದು ತಿಂಗಳು ಯಾರೂ ಮಾತಾಡುವುದಿಲ್ಲ, ಆ ಮೌನ ನಿನಗೆ ಸಹಿಸಲು ಆಗುವುದಿಲ್ಲ, ಬಾಯಿ ತುರಿಸುತ್ತದೆ. ತಡೆದುಕೋ. ಒಬ್ಬರು ಒಂದು ಮಾತು ಹೇಳಿ, ಅದರಿಂದ ಒಂದು ಸಣ್ಣ ಬದಲಾವಣೆ ಆಗಿದ್ದನ್ನು ನೋಡಿದ ಮೇಲೆ ಉಳಿದವರಿಗೂ ಬಾಯಿ ಬರುತ್ತದೆ. ಮೀಟಿಂಗನ್ನು ಸಂಜೆ ಐದಕ್ಕೆ ಇಡಬೇಡ. ಮನೆಯಲ್ಲಿ ಮಗು ಕಾಯುತ್ತಿರುವವರು ಗಡಿಯಾರ ನೋಡುತ್ತಾ ಕೂರುತ್ತಾರೆ. ಬೆಳಗಿನ ರೌಂಡ್ಸ್ ಆದ ಕೂಡಲೇ ಇಡು.

ಇನ್ನು ಜಾತಿ. ಯಾರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಹೊಸ ಪಿಜಿ ಬಂದ ದಿನ "ನಿನ್ನ ರ‍್ಯಾಂಕ್ ಎಷ್ಟು" ಅಂತ ಕೇಳುತ್ತಾರಲ್ಲ, ಯಾವ ಕೆಟಗರಿ ಅಂತ ತಿಳಿಯಲು ಹೂಡುವ ಉಪಾಯ ಅದು. ಕಲಬುರಗಿ, ರಾಯಚೂರು ಕಡೆಯವರು ಬಂದರೆ "371ಜೆ ಅಲ್ವಾ" ಅಂತ, ಸಂವಿಧಾನದ ಆ ವಿಧಿಯಲ್ಲಿ ಆ ಭಾಗದವರಿಗೆ ಸಿಗುವ ಮೀಸಲಾತಿಯನ್ನು ಹಂಗಿಸಿ ನಗುತ್ತಾರೆ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ನೋಡಿದ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತು. ಪಾಠ ಹೇಳುವವರಿಂದ ಹಿಡಿದು ಹಾಸ್ಟೆಲ್‌ವರೆಗೆ ಭೇದ ಇದೆ ಅಂತ ಅದರಲ್ಲಿ ಬಂತು. ಫ್ಯಾಕಲ್ಟಿಗೂ ಇದೇ ಕಥೆ. ಹದಿನೈದು ವರ್ಷ ಪಾಠ ಮಾಡಿದವರ ಬಗ್ಗೆಯೂ "ಅವರು ಕೋಟಾದಲ್ಲಿ ಬಂದವರು" ಅಂತ ಕಾರಿಡಾರಿನಲ್ಲಿ ಆಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ನಿನ್ನ ವಿಭಾಗದಲ್ಲಿ ರ‍್ಯಾಂಕ್ ಕೇಳುವ ಹಾಗಿಲ್ಲ ಅಂತ ಮೊದಲ ದಿನವೇ ಹೇಳು. ನಿನ್ನ ಎದುರಿಗೆ ಅಂಥ ಮಾತು ಬಂದರೆ ಅಲ್ಲೇ, ಆ ಕ್ಷಣವೇ ತಡೆ. ನೀನು ನಕ್ಕು ಸುಮ್ನಾದರೆ ಒಪ್ಪಿದೆ ಅಂತಲೇ ಲೆಕ್ಕ. ಕನ್ನಡ ಮೀಡಿಯಮ್‌ನಲ್ಲಿ ಓದಿ ಬಂದವರು ಇಂಗ್ಲಿಷಿನಲ್ಲಿ ತಡವರಿಸಿದರೆ ಅವರಿಗೆ ವಿಷಯವೇ ಬರುವುದಿಲ್ಲ ಅಂದುಕೊಳ್ಳಬೇಡ. ಬೆಡ್ ಪಕ್ಕ ನಿಂತು ರೋಗಿಯ ಹತ್ತಿರ ಹಿಸ್ಟರಿ ತೆಗೆಯುವುದನ್ನು ನೋಡು, ಆಗ ಗೊತ್ತಾಗುತ್ತದೆ.

ಕಾಲಿಗೆ ಕ್ಯಾಲಿಪರ್ ಹಾಕುವ ನಿನ್ನ ಸಹೋದ್ಯೋಗಿಗೆ ಮೂರನೇ ಮಹಡಿಯ ಗ್ಯಾಲರಿಯಲ್ಲಿ ಕ್ಲಾಸ್ ಅಂತ ನೀನು ಹೇಳಿದ್ದೆ. ಟೈಮ್‌ಟೇಬಲ್ ಬದಲಾಯಿಸು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಲವತ್ತು ಶೇಕಡಾ ಅಂಗವೈಕಲ್ಯ ಇದೆ ಅನ್ನುವುದೊಂದರಿಂದಲೇ ಎಂಬಿಬಿಎಸ್ ಸೀಟು ತಪ್ಪಿಸುವ ಹಾಗಿಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂದೆ ಅಂಥ ಮಕ್ಕಳು ಜಾಸ್ತಿ ಬರುತ್ತಾರೆ, ಅವರಲ್ಲಿ ಕೆಲವರು ನಾಳೆ ನಿನ್ನ ವಿಭಾಗದ ಟೀಚರ್‌ಗಳೂ ಆಗುತ್ತಾರೆ.

ಡ್ಯೂಟಿ ರೂಮಿಗೆ ನೀನೇ ಒಮ್ಮೆ ಹೋಗಿ ಚಿಲಕ ಹಾಕಿ ನೋಡು. ಕೋಲ್ಕತ್ತದಲ್ಲಿ 2024ರ ಆಗಸ್ಟ್‌ನಲ್ಲಿ ಆಸ್ಪತ್ರೆಯೊಳಗೇ ಒಬ್ಬ ಪಿಜಿ ಹುಡುಗಿಯ ಅತ್ಯಾಚಾರ, ಕೊಲೆ ನಡೆದಿದ್ದು ಗೊತ್ತಲ್ಲ. ಆ ಹುಡುಗಿಗೆ ರಾತ್ರಿ ಡ್ಯೂಟಿಯ ನಡುವೆ ಮಲಗಲು ಸೆಮಿನಾರ್ ಹಾಲ್ ಬಿಟ್ಟು ಬೇರೆ ಜಾಗ ಇರಲಿಲ್ಲ.

ನಾಯಕತ್ವದ ತರಬೇತಿಗೆ ಯಾರನ್ನು ಕಳಿಸಲಿ ಅಂತ ನೀನು ಕೇಳಿದ್ದೆ. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಡಾಕ್ಟರ್ ಆಗಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಹೆಂಗಸರ ಮೆಡಿಕಲ್ ಕಾಲೇಜಿನಲ್ಲಿ. ಆ ಕಾಲೇಜು ಮುಂದೆ ಇನ್ನೊಂದರ ಜೊತೆ ಸೇರಿ ಈಗ ಡ್ರೆಕ್ಸೆಲ್ ಯೂನಿವರ್ಸಿಟಿಯಲ್ಲಿದೆ. ಮೆಡಿಕಲ್ ಕಾಲೇಜಿನ ಮಹಿಳಾ ಪ್ರೊಫೆಸರ್‌ಗಳನ್ನು ಡೀನ್ ಹುದ್ದೆಗೆ ಸಿದ್ಧ ಮಾಡುವ ಈಲಮ್ ಅನ್ನುವ ಕಾರ್ಯಕ್ರಮ 1995ರಿಂದ ಅಲ್ಲೇ ನಡೆಯುತ್ತಿದೆ. ಬಂದವರು ಸುಮ್ನೆ ಭಾಷಣ ಕೇಳಿ ಸರ್ಟಿಫಿಕೇಟ್ ತಗೊಂಡು ಹೋಗುವ ಹಾಗಿಲ್ಲ, ತಮ್ಮ ಕಾಲೇಜಿಗೆ ಬೇಕಾದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಮೆಡಿಕಲ್ ಟೀಚರ್‌ಗಳಿಗೆ ತರಬೇತಿ ಕೊಡುವ, ಅದೇ ಊರಿನ ಫೈಮರ್ ಸಂಸ್ಥೆ ನಮ್ಮಲ್ಲಿ ಮುಂಬೈ, ಲುಧಿಯಾನ, ಕೊಯಮತ್ತೂರಿನಲ್ಲಿ ಶುರು ಮಾಡಿದ ಎರಡು ವರ್ಷದ ಫೆಲೋಶಿಪ್ಪೂ ಹೀಗೇ. ನಮಗೆ ಕೊಯಮತ್ತೂರು ಹತ್ತಿರ. ಕಳಿಸುವಾಗ ನಿನಗೆ ಇಷ್ಟವಾದವರನ್ನು ಆರಿಸಬೇಡ. ಎಲ್ಲರಿಗೂ ಪತ್ರ ತೋರಿಸು, ಯಾರು ಹೋಗಬೇಕು ಅಂತ ಅವರೇ ಅರ್ಜಿ ಹಾಕಲಿ. ಹೆರಿಗೆ ರಜೆಯಲ್ಲಿರುವವರಿಗೂ ವಾಟ್ಸಾಪ್‌ನಲ್ಲಿ ಕಳಿಸು, ಬೇಡ ಅಂದರೆ ಅವರೇ ಬೇಡ ಅನ್ನಲಿ. ಹೋದವರ ಒಪಿಡಿ ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲೇ ಗೊತ್ತು ಮಾಡು. ಇಲ್ಲದಿದ್ದರೆ ಬಂದ ಮೇಲೆ ಜೊತೆಯವರು ಅವರನ್ನೇ ಹಂಗಿಸುತ್ತಾರೆ.

ನೀನು ಯುಗಾದಿಗೆ ಬರುತ್ತೀಯ ಅಂತ ನಿನ್ನಮ್ಮ ಹೇಳಿದಳು. ಹೋಳಿಗೆ ಮಾಡಿಡುತ್ತೇನೆ. ಆ ಎರಡು ಪಟ್ಟಿ ಮರೆಯದೆ ತಗೊಂಡು ಬಾ, ಊಟ ಆದ ಮೇಲೆ ಜಗಲಿಯಲ್ಲಿ ಕೂತು ನೋಡೋಣ. ಫೈಲ್ ನೀಟಾಗಿ ಮಾಡುವ ಆ ಹುಡುಗಿಯ ಹೆಸರು ಯಾವ ಪಟ್ಟಿಯಲ್ಲಿದೆ ಅಂತ ನನಗೆ ಮೊದಲು ತೋರಿಸು.

ನಿನ್ನ ಪ್ರೀತಿಯ
ದೊಡ್ಡಮ್ಮ