ಶುಕ್ರವಾರದ ಚರ್ಚೆ: ಜಡ್ಜ್ ಯಾವಾಗ ಹಿಂದೆ ಸರಿಯಬೇಕು?

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ಸಂಜೆ 5:30ಕ್ಕೆ ನಮ್ಮ ಲಾ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಚರ್ಚೆ ಇದೆ. ಮೂಟ್ (ಅಣಕು ನ್ಯಾಯಾಲಯ) ತಂಡದವರು ತಪ್ಪದೆ ಬನ್ನಿ. ಹೈಕೋರ್ಟ್ ಮುಗಿಸಿ ಬರುವ ಹಿರಿಯರು ತಡವಾದರೂ ಪರವಾಗಿಲ್ಲ, ಆ ಹೊತ್ತಿನ ಟ್ರಾಫಿಕ್ ಗೊತ್ತೇ ಇದೆ.

ಪಕ್ಷಪಾತದ ಅನುಮಾನ ಬರಬಹುದಾದಾಗ ಜಡ್ಜ್ ಆ ಪ್ರಕರಣದ ವಿಚಾರಣೆಯಿಂದ ಹಿಂದೆ ಸರಿಯುವುದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಸಾಮಾನ್ಯವಾಗಿ ಆಯಾ ನ್ಯಾಯಮೂರ್ತಿಯೇ ತೀರ್ಮಾನಿಸುತ್ತಾರೆ. 2015ರ ಎನ್‌ಜೆಎಸಿ (ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾ. ಖೇಹರ್ ಹಿಂದೆ ಸರಿಯಲಿಲ್ಲ. ಹಿಂದೆ ಸರಿಯುವ ಜಡ್ಜ್ ಕಾರಣ ತಿಳಿಸಬೇಕು ಎಂದು ನ್ಯಾ. ಕುರಿಯನ್ ಜೋಸೆಫ್ ಬರೆದರು, ನ್ಯಾ. ಲೋಕೂರ್ ಒಪ್ಪಲಿಲ್ಲ. ಆ ಭಾಗವನ್ನಾದರೂ ಓದಿಕೊಂಡು ಬನ್ನಿ, ಸುಮ್ನೆ ಕೂರಬೇಡಿ. ನನಗಂತೂ ಕಾರಣ ಹೇಳಲೇಬೇಕು ಅನಿಸುತ್ತದೆ. ಕಕ್ಷಿದಾರನಿಗೆ ಅಷ್ಟಾದರೂ ತಿಳಿಯಬೇಕು, ಅಲ್ವಾ?

ಬರುವವರು, ಕಾರಣ ಹೇಳಲೇಬೇಕು ಎಂಬುದಕ್ಕೆ ಪರವೋ ವಿರೋಧವೋ ಎಂದು ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ವಿರೋಧದ ಕಡೆ ಮಾತಾಡುವವರು ಜಾಸ್ತಿ ಬೇಕಾಗಿದ್ದಾರೆ.