ತೇಲಿದ್ದೆಲ್ಲ ಅಂಬರ್ ಅಲ್ಲ

ಮಾನ್ಯ ಸಂಪಾದಕರೇ,

ಮಲೆನಾಡಿನ ಜಾತ್ರೆಗಳ ಮಣಿಸರದ ಅಂಗಡಿಗಳಲ್ಲೂ ಮೊಬೈಲಿನ ಜಾಹೀರಾತುಗಳಲ್ಲೂ ಜೇನುಬಣ್ಣದ ಸರಗಳು ‘ಅಸಲಿ ಅಂಬರ್’ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿವೆ. ಅಸಲಿಯೋ ನಕಲಿಯೋ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಉಪ್ಪುನೀರಿನ ಲೋಟಕ್ಕೆ ಮಣಿ ಬೀಳುತ್ತದೆ, ತೇಲುತ್ತದೆ, ವ್ಯಾಪಾರ ಮುಗಿಯುತ್ತದೆ. ಆ ಪರೀಕ್ಷೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಗಾಜನ್ನೂ ಕೆಲವು ಪ್ಲಾಸ್ಟಿಕ್ಕುಗಳನ್ನೂ ಅದು ಹಿಡಿದುಕೊಡುತ್ತದೆ. ಮರದ ಎಳೆಯ ರಾಳವನ್ನು ಹಿಡಿಯುವುದೇ ಇಲ್ಲ. ಅಂಬರಿನ ಹೆಸರಿನಲ್ಲಿ ಮೋಸ ಹೋಗುವುದು ಹೆಚ್ಚಾಗಿ ಅಲ್ಲಿಯೇ.

ಅಂಬರ್ ಕಲ್ಲಲ್ಲ, ಲಕ್ಷಾಂತರ ವರ್ಷ ಮಣ್ಣಿನಡಿ ಉಳಿದು ಗಟ್ಟಿಯಾದ ಮರದ ರಾಳ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುತ್ತದೆಂದು ಸಂಸ್ಕೃತದಲ್ಲಿ ತೃಣಮಣಿ ಎಂದರು. ಯುನಾನಿ ವೈದ್ಯರ ‘ಕಹರುಬಾ’ ಕೂಡ ಇದೇ. ಕರಾವಳಿಯಲ್ಲಿ ಪೊಲೀಸರು ವಶಪಡಿಸಿಕೊಂಡರೆಂದು ಆಗಾಗ ಸುದ್ದಿಯಾಗುವ ‘ತಿಮಿಂಗಿಲದ ವಾಂತಿ’, ಅಂದರೆ ಅಂಬರ್‌ಗ್ರಿಸ್, ಬೇರೆಯೇ ವಸ್ತು. ಅದರ ಮಾರಾಟ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹೆಸರು ಒಂದೇ ಥರ ಕೇಳುತ್ತದೆಂದು ಎರಡನ್ನೂ ಗಂಟು ಹಾಕಬಾರದು.

ಈಗ ರಾಳದ ಮಾತು. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಸಾಲುಧೂಪದ ಮರ ಹೊಸದಲ್ಲ. ಅದರ ತೊಗಟೆಗೆ ಗಾಯವಾದರೆ ಒಸರುವ ರಾಳ ಗಟ್ಟಿಯಾದಾಗ ನೋಡಲು ಅಂಬರಿನಂತೆಯೇ ಹಳದಿ, ಪಾರದರ್ಶಕ. ಹಳೆಯ ವ್ಯಾಪಾರದಲ್ಲಿ ಇದಕ್ಕೆ ‘ಇಂಡಿಯನ್ ಕೋಪಾಲ್’ ಎಂದೇ ಹೆಸರಿತ್ತು, ವಾರ್ನಿಷಿಗೆ ಬಳಕೆಯಾಗುತ್ತಿತ್ತು. (ಜಾಲಿಯ ಗೋಂದನ್ನು ಇದರ ಜೊತೆ ಸೇರಿಸಬೇಡಿ. ಗೋಂದು ನೀರಿನಲ್ಲಿ ಕರಗುತ್ತದೆ, ರಾಳ ಕರಗುವುದಿಲ್ಲ. ಗೋಂದು ಎಷ್ಟು ಕಾಲ ಹೂತಿಟ್ಟರೂ ಅಂಬರ್ ಆಗದು.) ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಅಂಬರಿಗೆ ಸುಮಾರು 5 ಕೋಟಿ ವರ್ಷ. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದನ್ನು ಸುರಿಸಿದ್ದು ಡಿಪ್ಟೆರೋಕಾರ್ಪೇಸಿ ಕುಟುಂಬದ ಮರಗಳು. ನಮ್ಮ ಸಾಲುಧೂಪ ಅದೇ ಕುಟುಂಬದ್ದು. ಮರದ ವಂಶ ಒಂದೇ ಆದರೂ ಒಂದರದು ಅಂಬರ್, ಇನ್ನೊಂದರದು ದೇವರ ಮುಂದಿನ ಧೂಪ. ನಡುವೆ ಇರುವುದು ಕಾಲ. ಕಾಲ ಕಳೆದಂತೆ ರಾಳದ ಆವಿಯಾಗುವ ಎಣ್ಣೆ ಹೊರಟುಹೋಗಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆ ಹೆಣಿಗೆ ಪೂರ್ತಿಯಾಗದ, ಕೆಲವು ನೂರು ಅಥವಾ ಸಾವಿರ ವರ್ಷಗಳ ರಾಳವೇ ಕೋಪಾಲ್. ಕೊಲಂಬಿಯಾ, ಮಡಗಾಸ್ಕರ್‌ಗಳಿಂದ ‘ಅಂಬರ್’ ಎಂದು ಬರುವುದು ಬಹುಪಾಲು ಇದೇ.

ಕೋಪಾಲ್ ಉಪ್ಪುನೀರಿನಲ್ಲಿ ತೇಲುತ್ತದೆ, ಕೈಗೆ ಬೆಚ್ಚಗಿರುತ್ತದೆ, ಕೀಟವೂ ಒಳಗಿರುತ್ತದೆ. ಕೊಂಡಾಗ ಚೆಂದ. ಕೆಲವು ವರ್ಷಗಳಲ್ಲಿ ಮೈಯೆಲ್ಲ ಜೇಡರ ಬಲೆಯಂಥ ಬಿರುಕು ಹಬ್ಬಿ ಮಂಕಾಗುತ್ತದೆ. ಇದನ್ನು ಹಿಡಿಯಲು ಮನೆಯಲ್ಲೇ ಆಗುವ ದಾರಿಯೆಂದರೆ ಅಸಿಟೋನ್. ಉಗುರುಬಣ್ಣ ತೆಗೆಯುವ ದ್ರಾವಣದ ಲೇಬಲ್ಲಿನಲ್ಲಿ ಅಸಿಟೋನ್ ಇದೆಯೇ ಎಂದು ಮೊದಲು ಓದಿ, ಏಕೆಂದರೆ ಅದಿಲ್ಲದವೂ ಬರುತ್ತವೆ. ಮಣಿಯ ತೂತಿನ ಅಂಚಿಗೆ ಅಥವಾ ಪದಕದ ಹಿಂಬದಿಗೆ ಒಂದೇ ಹನಿ ಬಿಟ್ಟು, ಅರ್ಧ ನಿಮಿಷ ಕಾದು, ಬೆರಳಿನಿಂದ ಒತ್ತಿ ನೋಡಬೇಕು. ಕೋಪಾಲಾದರೆ ಬೆರಳಿಗೆ ಅಂಟುತ್ತದೆ, ಹೊಳಪು ಹೋಗಿ ಗುರುತು ಉಳಿಯುತ್ತದೆ. ಯುರೋಪಿನ ಬಾಲ್ಟಿಕ್ ಸಮುದ್ರದ ಆಸುಪಾಸಿನಲ್ಲಿ ಸಿಗುವ ಬಾಲ್ಟಿಕ್ ಅಂಬರಾದರೆ ಹನಿ ಆರಿಹೋಗುತ್ತದೆ, ಅಷ್ಟೇ. ಆದರೆ ಇಲ್ಲೂ ಎರಡು ಎಡವಟ್ಟುಗಳಿವೆ. ಮೇಲೆ ಲ್ಯಾಕರ್, ಅಂದರೆ ಹೊಳಪಿನ ಲೇಪ, ಬಳಿದ ಅಸಲಿ ಮಣಿಯೂ ಅಂಟಂಟಾಗುತ್ತದೆ, ಕರಗುವುದು ಲ್ಯಾಕರ್. ಪಾಲಿಸ್ಟೈರೀನ್, ಅಕ್ರಿಲಿಕ್ ಪ್ಲಾಸ್ಟಿಕ್ಕುಗಳನ್ನೂ ಅಸಿಟೋನ್ ತಿನ್ನುತ್ತದೆ. ಆದ್ದರಿಂದ ‘ಅಂಟಿತು’ ಎಂದರೆ ಕೋಪಾಲ್ ಎಂದೇ ಅರ್ಥವಲ್ಲ. ಇನ್ನು ಮೇಲೆ ಹೇಳಿದ ಗುಜರಾತಿನ ಅಂಬರ್ ಅಷ್ಟು ಹಳೆಯದಾದರೂ ದ್ರಾವಕಗಳಲ್ಲಿ ಕರಗುವ ಜಾತಿಯದು. ಅದನ್ನು ಕರಗಿಸಿಯೇ ವಿಜ್ಞಾನಿಗಳು ಒಳಗಿನ ಕೀಟಗಳನ್ನು ಇಡಿಯಾಗಿ ಹೊರತೆಗೆದಿದ್ದಾರೆ.

ಉಪ್ಪುನೀರಿನ ಪರೀಕ್ಷೆಯನ್ನೂ ಸರಿಯಾಗಿ ಮಾಡುವವರು ಕಡಿಮೆ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಅಂಬರಿನದು 1.05ರಿಂದ 1.10. ಹಾಗಾಗಿ ಬರೀ ನೀರಿನಲ್ಲಿ ಮುಳುಗಬೇಕು, ಹದವಾದ ಉಪ್ಪುನೀರಿನಲ್ಲಿ ತೇಲಬೇಕು. 200 ಮಿ.ಲೀ. ನೀರಿಗೆ 40 ಗ್ರಾಂ ಉಪ್ಪು, ಅಂದರೆ ಪುಡಿಯುಪ್ಪು ಆರೇಳು ಸಮ ಟೀ ಚಮಚ ಹಾಕಿ ಪೂರ್ತಿ ಕರಗಿಸಿದರೆ ಸಾಂದ್ರತೆ ಸುಮಾರು 1.12 ಬರುತ್ತದೆ. ಅಂಗಡಿಯ ಲೋಟದ ತಳದಲ್ಲಿ ಕರಗದ ಉಪ್ಪು ಕಂಡರೆ ಎಚ್ಚರ! ಉಪ್ಪು ಹಿಡಿಸುವಷ್ಟೂ ಹಿಡಿಸಿದ ನೀರು 1.20ಕ್ಕೆ ಏರುತ್ತದೆ, 1.18ರ ಅಕ್ರಿಲಿಕ್ ಕೂಡ ಅದರಲ್ಲಿ ಸಲೀಸಾಗಿ ತೇಲುತ್ತದೆ. ಸರವನ್ನು ಇಡಿಯಾಗಿ ಹಾಕಿದರೆ ಲೋಹದ ಕೊಂಡಿ ಅಸಲಿಯನ್ನೂ ಮುಳುಗಿಸುತ್ತದೆ. ತೂತಿನಲ್ಲಿ ಸಿಕ್ಕ ಗಾಳಿಗುಳ್ಳೆ ನಕಲಿಯನ್ನೂ ಎತ್ತಿಹಿಡಿಯುತ್ತದೆ. ಬಿಡಿಮಣಿಯನ್ನು ನೀರಿನೊಳಗೆ ಬೆರಳಿನಲ್ಲಿ ಹೊರಳಿಸಿ, ಗುಳ್ಳೆ ಬಿಡಿಸಿ, ಆಮೇಲೆ ಕೈಬಿಡಬೇಕು. ಕೊನೆಗೆ ಸಿಹಿನೀರಿನಲ್ಲಿ ತೊಳೆಯಬೇಕು. ಇಷ್ಟಾದರೂ 1.05ರ ಪಾಲಿಸ್ಟೈರೀನ್ ತೇರ್ಗಡೆಯಾಗುತ್ತದೆ.

ಇದಕ್ಕಿಂತ ನಂಬಿಕಸ್ತ ಉಪಾಯ ಚಿನಿವಾರರ ತಕ್ಕಡಿಯಲ್ಲೇ ಇದೆ. ಪದಕದ ಹರಳನ್ನು ಕಟ್ಟಿನಿಂದ ಬಿಡಿಸಿ ಒಣಗಿದ್ದಾಗ ತೂಗಿ, 5.40 ಗ್ರಾಂ ಬಂತು ಎನ್ನಿ. ನೀರು ತುಂಬಿದ ಸಣ್ಣ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹರಳಿಗೆ ಸಣ್ಣ ನೈಲಾನ್ ಎಳೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 5.05 ತೋರಿಸಿದರೆ ಸಾಂದ್ರತೆ 1.07, ಅಂಬರಿನ ಮಿತಿಯೊಳಗೆ. 4.58 ಆದರೆ 1.18, ಅಕ್ರಿಲಿಕ್. 4.25 ಆದರೆ 1.27, ಬೇಕಲೈಟ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ‘ಚೆರ್ರಿ ಅಂಬರ್’ ಎಂದು ಬರುವ ಕಡುಕೆಂಪು ಮಣಿಗಳು ಸಾಮಾನ್ಯವಾಗಿ ಇಲ್ಲಿಯೇ ಸಿಕ್ಕಿಬೀಳುತ್ತವೆ. ಜಪಸರಕ್ಕಾದರೆ ಲೆಕ್ಕ ಇನ್ನೂ ಸುಲಭ. 10 ಮಿ.ಮೀ.ನ ದುಂಡು ಮಣಿ ಅಂಬರಿನದಾದರೆ ಸುಮಾರು 0.56 ಗ್ರಾಂ, 108 ಮಣಿಗೆ 60 ಗ್ರಾಂ, ತೂತಿನ ಲೆಕ್ಕ ಕಳೆದರೆ ಒಂದೆರಡು ಗ್ರಾಂ ಕಡಿಮೆ. ಅದೇ ಅಳತೆಯ ಗಾಜಿನ ಸರ 140 ಗ್ರಾಂ ಆಸುಪಾಸು ತೂಗುತ್ತದೆ.

ಉಜ್ಜಿ ಕಾಗದದ ಚೂರು ಎತ್ತುವ ಪರೀಕ್ಷೆಯನ್ನು ಮಲೆನಾಡಿನವರು ಮರೆಯುವುದೇ ಲೇಸು. ಪ್ಲಾಸ್ಟಿಕ್ ಬಾಚಣಿಗೆಯೂ ಎತ್ತುತ್ತದೆ. ಆಷಾಢದ ಮಳೆಯಲ್ಲಿ ತೇವ ಮೈಗೆ ಹತ್ತಿ ವಿದ್ಯುದಂಶ ಸೋರಿಹೋಗುವುದರಿಂದ ಅಸಲಿ ಅಂಬರೂ ಎತ್ತುವುದಿಲ್ಲ. ನೋಟು ಪರೀಕ್ಷಿಸುವ ಯುವಿ ಟಾರ್ಚಿನಡಿ ಬಾಲ್ಟಿಕ್ ಅಂಬರ್ ನೀಲಿಬೆರೆತ ಬಿಳುಪಾಗಿ ಹೊಳೆಯುವುದುಂಟು. 365 ನ್ಯಾನೋಮೀಟರಿನ ಟಾರ್ಚ್ ಆಗಬೇಕು. ಅಗ್ಗದ 395ರದಾದರೆ ಅದರ ನೇರಳೆ ಬೆಳಕೇ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಕಾದ ಸೂಜಿ ಚುಚ್ಚಿ ವಾಸನೆ ನೋಡುವುದು ಬೇಡವೇ ಬೇಡ: ಹರಳು ಹಾಳಾಗುತ್ತದೆ, ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ.

ಕೀಟದ ವಿಷಯದಲ್ಲಿ ಆಸೆಗೆ ಬೀಳುವವರೇ ಹೆಚ್ಚು. ಹರಳಿನ ನಟ್ಟನಡುವೆ, ಕಾಲು ಮೀಸೆ ಒಂದೂ ಮಡಿಸದೆ, ಭಂಗಿ ಕೊಟ್ಟು ಕೂತ ದೊಡ್ಡ ಚೇಳು ಕಂಡರೆ ಅದು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಎರಕ ಹೊಯ್ದದ್ದು ಎಂದೇ ಮೊದಲು ಶಂಕಿಸಬೇಕು. ಅಸಲಿಯಲ್ಲಿ ಸಿಗುವುದು ಬಹುತೇಕ ಸಣ್ಣ ನುಸಿ, ಇರುವೆಗಳು; ಅವೂ ಓರೆಯಾಗಿ, ರಾಳ ಹರಿದ ಗೆರೆಗಳ ನಡುವೆ ಸಿಕ್ಕಿಕೊಂಡು. ಬಾಲ್ಟಿಕ್ ಅಂಬರಿನಲ್ಲಿ ಓಕ್ ಮರದ ನಕ್ಷತ್ರಾಕಾರದ ರೋಮಗಳು ಭೂತಗನ್ನಡಿಗೆ ಕಂಡರೆ ಅದು ಕೀಟಕ್ಕಿಂತ ಒಳ್ಳೆಯ ಸಾಕ್ಷಿ. ಒಳಗೆ ನಾಣ್ಯದಂತೆ ಮಿರುಗುವ ದುಂಡನೆ ಬಿರುಕುಗಳಿದ್ದರೆ ಕಾಯಿಸಿದ್ದಾರೆ ಎಂದರ್ಥ. ಅಂಬರ್ ಹೌದು, ಆದರೆ ಸಂಸ್ಕರಿಸಿದ್ದು. ಗಾಳಿಗುಳ್ಳೆಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಉದ್ದವಾಗಿದ್ದರೆ ಚೂರುಗಳನ್ನು ಬಿಸಿ ಮಾಡಿ ಒತ್ತಿ ಬೆಸೆದ ಅಂಬರ್ ಇರಬಹುದು.

ಬೆಲೆ ನಿಲ್ಲುವುದು ಈ ಭೇದಗಳ ಮೇಲೆ. ಅಂಬರನ್ನು ಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ, ಆದರೆ ತುಂಡು ದೊಡ್ಡದಾದಷ್ಟೂ ಗ್ರಾಂ ಒಂದರ ದರವೂ ಏರುತ್ತದೆ. ಘನಾಕೃತಿಯ ತುಂಡಿನಿಂದ ದುಂಡು ಮಣಿ ಕಡೆದರೂ ಹೆಚ್ಚುಕಡಿಮೆ ಅರ್ಧ ಪುಡಿಯಾಗಿ ಹೋಗುತ್ತದೆ. ಹಾಗಾಗಿ ಒಂದೇ ಅಳತೆ, ಒಂದೇ ಬಣ್ಣದ 108 ಅಸಲಿ ಮಣಿಗಳು ಅಗ್ಗಕ್ಕೆ ಸಿಗಲು ಸಾಧ್ಯವಿಲ್ಲ. ಸಿಕ್ಕರೆ ಒತ್ತಿದ್ದು ಅಥವಾ ಪ್ಲಾಸ್ಟಿಕ್. ಬೆಣ್ಣೆಯಂತೆ ಮಂಜುಹಳದಿಯ ಬಾಲ್ಟಿಕ್ ಅಂಬರಿಗೆ ಅರಬ್ ಮತ್ತು ಚೀನಾ ಮಾರುಕಟ್ಟೆಗಳಲ್ಲಿ ತಿಳಿಯಾದದ್ದಕ್ಕಿಂತ ಹೆಚ್ಚು ಬೇಡಿಕೆ. ಹಚ್ಚಹಸಿರು ಅಂಬರ್ ಎಂದರೆ ಬಹುಮಟ್ಟಿಗೆ ಶಾಖ ಮತ್ತು ಒತ್ತಡದ ಕೈಚಳಕ.

ಕೂಸುಗಳಿಗೆ ಹಲ್ಲು ಬರುವಾಗ ಅಂಬರ್ ಸರ ಕಟ್ಟಿದರೆ ನೋವು ಶಮನವಾಗುತ್ತದೆ ಎಂಬ ಜಾಹೀರಾತಿಗೆ ಆಧಾರವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಇಂಥ ಸರಗಳಿಂದ ಉಸಿರುಗಟ್ಟುವ ಅಪಾಯವಿದೆಯೆಂದು ಎಚ್ಚರಿಸಿದೆ.

ಅಸಲಿಯನ್ನು ಕೊಂಡವರಿಗೂ ಒಂದು ಮಾತು. ಅಕ್ಕಸಾಲಿಗರು ಚಿನ್ನವನ್ನು ಅಂಟುವಾಳದ ಬಿಸಿನೀರಿನಲ್ಲಿ ಹಾಕಿ ಉಜ್ಜುವಾಗ ಅಂಬರ್ ಪದಕವನ್ನು ಜೊತೆಗೆ ಹಾಕಬಾರದು. ಬೆಸುಗೆಗೆ ಕೊಡುವ ಮೊದಲು ಹರಳನ್ನು ಕಟ್ಟಿನಿಂದ ಬಿಡಿಸಲೇಬೇಕು. ಸುಮಾರು 150 ಡಿಗ್ರಿಗೇ ಅಂಬರ್ ಮೆತ್ತಗಾಗತೊಡಗುತ್ತದೆ. ಸೆಂಟು, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬಾರದು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿರುಕು ಬಿಡುತ್ತದೆ.

ನಮ್ಮ ಜಿಲ್ಲೆಯ ವ್ಯಾಪಾರಿಗಳಲ್ಲಿ ಒಂದೇ ಕೋರಿಕೆ: ಬಿಲ್ಲಿನಲ್ಲಿ ಬರೀ ‘ಅಂಬರ್’ ಎಂದು ಬರೆಯದೆ ನೈಸರ್ಗಿಕ, ಸಂಸ್ಕರಿಸಿದ, ಒತ್ತಿ ಬೆಸೆದ, ಕೋಪಾಲ್ ಇವುಗಳಲ್ಲಿ ಯಾವುದೆಂದು ತೂಕದ ಸಮೇತ ನಮೂದಿಸಲಿ. ಪದಕದ ಮೇಲಿನ ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ ಜವಾಬು, ಹರಳಿಗಲ್ಲ. ದುಬಾರಿ ತುಂಡಾದರೆ ಇನ್‌ಫ್ರಾರೆಡ್ ರೋಹಿತ ಪರೀಕ್ಷೆ ಮಾಡುವ ಪ್ರಯೋಗಾಲಯದ ಪ್ರಮಾಣಪತ್ರ ಕೇಳಬೇಕು. ಕೋಪಾಲ್ ಮತ್ತು ಬಾಲ್ಟಿಕ್ ಅಂಬರನ್ನು ಅದು ಹರಳಿಗೆ ಗಾಯ ಮಾಡದೆ ಬೇರ್ಪಡಿಸುತ್ತದೆ. ಮೋಸವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.

ಇಂತಿ,
ರತ್ನಪರೀಕ್ಷೆಯ ಅಭ್ಯಾಸಿ
ಶಿವಮೊಗ್ಗ